ಹೊಳೆಯ ಮೇಲೆ ದೊಡ್ಡಮ್ಮನ ಹೊಟ್ಟೆಕಿಚ್ಚು

ನಿಮ್ಮಲ್ಲಿ ಯಾರಿಗಾದರೂ ಹೀಗಾದದ್ದುಂಟಾ? ಮನೆಯಲ್ಲೊಬ್ಬರು ನೆರೆಮನೆಯವರ ಸೀರೆಯ ಮೇಲೆ, ಓರಗಿತ್ತಿಯ ಬಳೆಯ ಮೇಲೆ ಹೊಟ್ಟೆಕಿಚ್ಚು ಪಡುವುದು ಬಿಟ್ಟು ತನ್ನ ಪಾಡಿಗೆ ಹರಿಯುವ ಹೊಳೆಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು? ನಮ್ಮಲ್ಲಿ ಆಗಿದೆ. ಪಟ್ಟವರು ನನ್ನ ದೊಡ್ಡಮ್ಮ. ಅದೂ ಎಂಥ ಕಿಚ್ಚು? ಹೊಳೆಯ ನೀರು ಕುದಿಯದೆ ಉಳಿದದ್ದೇ ಆಶ್ಚರ್ಯ!

ಎಪ್ಪತ್ತನೇ ಇಸವಿಯ ಆಸುಪಾಸಿನ ಮಾತು. ದೊಡ್ಡಪ್ಪನ ಮನೆ ವಂಡ್ಸೆ ಪೇಟೆಯಿಂದ ಒಳಗೆ. ಗದ್ದೆ ಇಳಿದರೆ ಹೊಳೆ, ಹೊಳೆಯಾಚೆ ಕಾಡು. ವಾರವಿಡೀ ಗದ್ದೆಯ ಕೆಸರಲ್ಲಿರುವ ದೊಡ್ಡಪ್ಪ ಭಾನುವಾರ ಮಾತ್ರ ಗಾಳದ ಕೋಲು ಹೆಗಲಿಗೇರಿಸಿ ಹೊಳೆಗೆ ಹೋಗುತ್ತಿದ್ದರು. ಮೀನು ಸಿಕ್ಕರೆ ಸಿಕ್ಕಿತು. ಸಣ್ಣ ದೋಣಿಯನ್ನು ನೀರು ಕೊಂಡೊಯ್ದಲ್ಲಿಗೆ ಬಿಟ್ಟು, ಹಕ್ಕಿ, ನೀರುನಾಯಿ ನೋಡುತ್ತಾ ಸಂಜೆ ಮಾಡುವುದು. ದೊಡ್ಡಮ್ಮನ ಲೆಕ್ಕದಲ್ಲಿ ಇದಕ್ಕೆ ಒಂದೇ ಹೆಸರು: ಸವತಿಯ ಮನೆಗೆ ಹೋಗುವುದು!

ತವರಿಗೆ ಹೋಗಬೇಕಾದರೆ ಅದೇ ಹೊಳೆ ದಾಟಬೇಕು. ದೊಡ್ಡಮ್ಮ ದೋಣಿಯಲ್ಲಿ ಕೂತು ಕೊಡೆ ಬಿಚ್ಚಿ ನೀರಿಗೆ ಅಡ್ಡ ಹಿಡಿಯುತ್ತಿದ್ದರು. ಒಮ್ಮೆ ದೋಣಿಯವನು ತಡೆಯಲಾರದೆ ಕೇಳಿಯೇಬಿಟ್ಟ.

"ಅಮ್ಮಾ, ಬಿಸ್ಲ್ ಮೇಲಿತ್ತ್. ಕೊಡೆ ಎಂತಕೆ ಕೆಳಗ್ ಹಿಡ್ದದ್ದ್?"

"ಬಿಸ್ಲಿಗಲ್ಲ ಮಾರಾಯಾ. ಅವ್ಳ್ ಮುಖ ಕಾಂಬುಕಾತಿಲ್ಲ!"

"ಯಾರ್ ಮುಖ?"

"ನೀ ಯಾರ್ ಮೇಲ್ ದೋಣಿ ಬಿಡ್ತೆ, ಅವ್ಳ್ದೇ!"

ಬಡಪಾಯಿ ಆಚೆ ದಡದ ಕಡೆಗೆ ಬೇಗ ಬೇಗ ಹುಟ್ಟು ಹಾಕತೊಡಗಿದ.

ದೊಡ್ಡಪ್ಪನಾದರೂ ಸುಮ್ಮನಿರಬಾರದೇ? ಒಂದು ಭಾನುವಾರ ಊಟಕ್ಕೆ ಕೂತವರು, "ಇವತ್ ನೀರ್‌ನಾಯಿ ಕಂಡೆ. ಅದ್ರ್ ಮೀಸಿ ಎಂತ, ಅದ್ರ್ ಕಣ್ಣ್ ಎಂತ!" ಎಂದು ಶುರು ಮಾಡಿದರು.

ದೊಡ್ಡಮ್ಮನ ಕೈಯ ಸೌಟು ಅಲ್ಲೇ ನಿಂತಿತು. "ಮದಿಯಾಯಿ ಇಷ್ಟ್ ವರ್ಷ ಆಯ್ತ್. ನನ್ ಕಣ್ಣ್ ಹ್ಯಾಂಗಿತ್ತ್ ಅಂದ್ ಒಂದ್ ದಿನ ಹೇಳಿದ್ರಿಯಾ?"

"ನಿನ್ ಕಣ್ಣ್ ನಾ ದಿನಾ ಕಾಂತಿಲ್ಯಾ?" ಎಂದರು ದೊಡ್ಡಪ್ಪ, ಪಾಪ, ಏನೂ ಅರಿಯದೆ.

ಸೌಟು ಪಾತ್ರೆಗೆ ವಾಪಸು ಹೋಯಿತು. ಅವತ್ತು ಅವರ ಬಟ್ಟಲಲ್ಲಿ ಗಂಜಿ, ಉಪ್ಪು, ಅಷ್ಟೇ!

ಆಮೇಲೆ ದೊಡ್ಡಮ್ಮ ದೊಡ್ಡ ಅಸ್ತ್ರವನ್ನೇ ತೆಗೆದರು. ನಮ್ಮ ಕಡೆ ಮೀನಿಗೆ ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು. ಕೇಳಿದರೆ ಕೆಲಸ ಕೆಟ್ಟಂತೆ. ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ದೊಡ್ಡಪ್ಪ ಹೊಸ್ತಿಲು ದಾಟಿದ ಕೂಡಲೇ ಒಳಗಿನಿಂದ ಕೂಗು: "ಹ್ವಾಯ್, ಎಲ್ಲಿಗ್ ಹೋಪುದ್?" ಅವರು ವಾಪಸು ಬಂದು, ಕೂತು, ನೀರು ಕುಡಿದು ಎದ್ದರೆ ಮತ್ತೆ, "ಹ್ವಾಯ್, ಎಲ್ಲಿಗ್ ಹೋಪುದ್?" ಹಿತ್ತಿಲ ಬಾಗಿಲಿಂದ ಜಾರಿದರೆ ಬಾವಿಕಟ್ಟೆಯಲ್ಲಿ ದೊಡ್ಡಮ್ಮ! ಹಟ್ಟಿಯ ಸಂದಿಯಲ್ಲಿ ನುಸುಳಿದರೆ ಎಮ್ಮೆಯ ಹಿಂದಿನಿಂದ ದೊಡ್ಡಮ್ಮ! ಆ ಭಾನುವಾರಗಳಲ್ಲಿ ದೊಡ್ಡಪ್ಪ ಕುಡಿದ ನೀರನ್ನು ಒಟ್ಟು ಮಾಡಿದ್ದರೆ ಇನ್ನೊಂದು ಹೊಳೆಯೇ ಆಗುತ್ತಿತ್ತು. ಅದರ ಮೇಲೂ ದೊಡ್ಡಮ್ಮ ಹೊಟ್ಟೆಕಿಚ್ಚು ಪಡುತ್ತಿದ್ದರೋ ಏನೋ!

ಒಂದು ಮಳೆಗಾಲ ದೊಡ್ಡಪ್ಪ ಗದ್ದೆಯ ಅಂಚಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಗಾಳದ ಕೋಲು ಅಟ್ಟ ಸೇರಿತು. ದೊಡ್ಡಮ್ಮ ಗೆದ್ದರು, ಅಲ್ಲವೇ? ಗಂಡ ಭಾನುವಾರವೂ ಮನೆಯಲ್ಲೇ, ಕಣ್ಣೆದುರಿಗೇ. ಆದರೆ ಮಳೆ ನಿಂತು ಕಾಲು ಕೂಡಿದರೂ ದೊಡ್ಡಪ್ಪ ಕೋಲಿನ ಕಡೆ ತಲೆಯೆತ್ತಲಿಲ್ಲ. ಜಗಲಿಯಲ್ಲಿ ಹೊಳೆಗೆ ಬೆನ್ನು ಹಾಕಿ ಕೂತರೆ ಕೂತರು. ಮಾತಿಲ್ಲ, ನಗುವಿಲ್ಲ. ಎದುರಿಗೇ ಇದ್ದೂ ಇಲ್ಲದಂತೆ ಕೂತವರೊಡನೆ ಜಗಳವಾಡುವುದಾದರೂ ಹೇಗೆ?

ಒಂದು ಭಾನುವಾರ ಅಟ್ಟದ ಮೇಲೆ ದಡಬಡ ಸದ್ದು. ದೊಡ್ಡಮ್ಮ ಮೈಯೆಲ್ಲ ಜೇಡರಬಲೆ ಮಾಡಿಕೊಂಡು ಇಳಿದು ಬಂದು ಗಾಳದ ಕೋಲನ್ನು ದೊಡ್ಡಪ್ಪನ ಕೈಗೆ ಕೊಟ್ಟರು. "ಏಳಿ."

ದೊಡ್ಡಪ್ಪ ಕುಂಟುತ್ತಾ ಹೊಸ್ತಿಲವರೆಗೆ ಹೋಗಿ ಅಭ್ಯಾಸಬಲದಿಂದ ನಿಂತರು. ಕಾದರು. ಒಳಗಿನಿಂದ ಕೂಗೇ ಇಲ್ಲ!

"ಎಂತ ಹೆಣೆ, ಇವತ್ ಕೇಂತಿಲ್ಯಾ?"

ದೊಡ್ಡಮ್ಮ ಕೊಡೆ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದರು. "ಕೇಂಬುದ್ ಎಂತಕೆ? ನಾನೂ ಬತ್ತೆ ಅಲ್ದಾ!"

ನಾವು ಮಕ್ಕಳು ದಡದಲ್ಲಿ ನಿಂತು ನೋಡಿದೆವು. ಕೊಡೆ ಈಗ ನೀರಿಗೆ ಅಡ್ಡ ಇರಲಿಲ್ಲ, ದೊಡ್ಡಪ್ಪನ ತಲೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ನೀರಿನ ಮೇಲಿಂದ ದೊಡ್ಡಮ್ಮನ ದನಿ: "ಅಲ್ಕಾಣಿ, ನೀರ್‌ನಾಯಿ! ಅದ್ರ್ ಮೀಸಿ ನಿಮ್ ಮೀಸಿ ಹಾಂಗೇ ಇತ್ತ್!" ಅದರ ಬೆನ್ನಿಗೇ ದೊಡ್ಡಪ್ಪನ ನಗು. ಎಷ್ಟು ತಿಂಗಳಾಗಿತ್ತು ಅದನ್ನು ಕೇಳದೆ! ಆದರೆ ಅವರು ನೀರುನಾಯಿಯನ್ನು ನೋಡುತ್ತಲೇ ಇರಲಿಲ್ಲ.

ಈಗ ಹೊಟ್ಟೆಕಿಚ್ಚು ನನ್ನದು. ನಾನು ಚೀಲ ಹಿಡಿದು ಹೊರಟರೆ ನಮ್ಮ ಮನೆಯವರು ಮೊಬೈಲಿನಿಂದ ತಲೆ ಎತ್ತಿ "ಎಲ್ಲಿಗೆ" ಎಂದು ಒಂದು ಸಲ ಕೇಳಬಾರದೇ!

ನಿಮ್ಮ ಮನೆಗಳಲ್ಲೂ ಇಂಥವರಿದ್ದರೆ ಕೆಳಗೆ ಬರೆಯಿರಿ. ಹೊಳೆಯೋ, ಎಮ್ಮೆಯೋ, ರೇಡಿಯೋವೋ, ಯಾವುದರ ಮೇಲಿನ ಕಿಚ್ಚಾದರೂ ಸರಿ. ಓದಿ ಇನ್ನಷ್ಟು ಹೊಟ್ಟೆಕಿಚ್ಚು ಪಡಲು ನಾನು ತಯಾರಿದ್ದೇನೆ.