ಭಾವನ ಸುಳ್ಳು ಹುಲ್ಲು

ಒಂದು ಒಳ್ಳೆಯ ಕಾರಿನ ಬೆಲೆ ಕೊಟ್ಟು ನಮ್ಮ ಭಾವ ಹುಲ್ಲು ಕೊಂಡರು. ಅದೂ ಸುಳ್ಳು ಹುಲ್ಲು. ಹಸು ಮೂಸಿ ನೋಡದ, ನೀರು ಕೇಳದ, ಬೆಳೆಯುವ ಯೋಚನೆಯೇ ಇಲ್ಲದ ಪ್ಲಾಸ್ಟಿಕ್ ಹುಲ್ಲು. ಇಪ್ಪತ್ತೊಂದು ಸಾವಿರ ಡಾಲರ್ ಅಂದರೆ ನೀವು ಹುಬ್ಬೇರಿಸುತ್ತೀರಿ, ಗೊತ್ತು. ನಾನು ಮಧ್ಯೆ ಬಾಯಿ ಹಾಕದಿದ್ದರೆ ಅದು ಮೂವತ್ತು ದಾಟುತ್ತಿತ್ತು. ಭಾವ ಮೊದಲೇ ನನ್ನ ಮಾತು ಕೇಳಿದ್ದರೆ ಹದಿನೆಂಟಕ್ಕೆ ಮುಗಿಯುತ್ತಿತ್ತು. ನಡುವಿನ ಮೂರು ಸಾವಿರ ಅವರ ಆತ್ಮವಿಶ್ವಾಸದ ಬೆಲೆ.

ಯಾಕೆ ಬೇಕಿತ್ತು ಅನ್ನುತ್ತೀರಾ? ನನ್ನ ಅಕ್ಕನ ಬಲಗೈಗೋಸ್ಕರ. ಮೈಸೂರಿನಲ್ಲಿ ಕಾಲೇಜಿನ ಥ್ರೋಬಾಲ್ ತಂಡದ ಕ್ಯಾಪ್ಟನ್ ಆಗಿದ್ದವಳು ಅವಳು. ಇಲ್ಲಿ ಅಮೆರಿಕದ ಸುವಾನಿ ಊರಿಗೆ ಬಂದಮೇಲೂ ಸುತ್ತಮುತ್ತಲಿನ ಕನ್ನಡದ ಹೆಂಗಸರನ್ನೆಲ್ಲ ಸೇರಿಸಿ ಒಂದು ತಂಡ ಕಟ್ಟಿದ್ದಳು. ಆಮೇಲೆ ಎದೆಯ ಗಡ್ಡೆಯ ಆಪರೇಷನ್ ಆಯಿತು. ಕಾಯಿಲೆ ಹೋಯಿತು, ಆದರೆ ಬಲಗೈ ಭುಜದಿಂದ ಮೇಲಕ್ಕೆ ಏಳದೆ ಮುಷ್ಕರ ಹೂಡಿತು. ಥ್ರೋಬಾಲಿನಲ್ಲಿ ಚೆಂಡನ್ನು ಭುಜದ ಮೇಲಿನಿಂದಲೇ ಎಸೆಯಬೇಕು. "ನಿಧಾನವಾಗಿ ಆಡುತ್ತಾ ಹೋಗಿ, ಕೈ ಬರುತ್ತೆ" ಎಂದರು ಡಾಕ್ಟರು. ಜಿಮ್ಮಿಗೆ ಹೋಗಿ ಎಲ್ಲರೆದುರು ಸೋತ ಕೈ ತೋರಿಸಲು ಅಕ್ಕ ಒಪ್ಪಲಿಲ್ಲ. ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಪಟ್ಟಿಯಲ್ಲಿ ಕರಿಬೇವಿನ ಗಿಡವನ್ನು ಕೋಲಿಗೆ ಬಿಗಿದು ಕಟ್ಟಿದಳು.

"ಸರಿ, ಕೋರ್ಟನ್ನೇ ಹಿತ್ತಲಿಗೆ ತರ್ತೀನಿ" ಅಂದರಂತೆ ಭಾವ.

ಈ ಭಾವನ ವಿಷಯ ಸ್ವಲ್ಪ ಹೇಳಬೇಕು. ಅವರ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಆಫೀಸು ಮುಗಿದರೂ ಟೆಸ್ಟಿಂಗ್ ಮುಗಿಯುವುದಿಲ್ಲ. ಹೋಟೆಲಿನಲ್ಲಿ ದೋಸೆ ಬಂದರೆ ಮೊದಲು ಅಂಚು ಮುರಿದು ಸದ್ದು ಕೇಳುತ್ತಾರೆ. ಹೊಸ ಛತ್ರಿ ತಂದರೆ ಬಿಡಿಸಿ ಹಿಡಿದು ಶವರಿನ ಕೆಳಗೆ ನಿಲ್ಲುತ್ತಾರೆ. ಇಂಥವರು ಕಾಂಟ್ರಾಕ್ಟರನ್ನು ನಂಬುವುದುಂಟೇ?

"ಕೋರ್ಟ್ ಮಾಡೋದು ನಂಗೆ ಹೇಳ್ಕೊಡಬೇಕಾ? ಮೈಸೂರಲ್ಲಿ ಬಾಲ್ ಬ್ಯಾಡ್ಮಿಂಟನ್ ಕೋರ್ಟಿಗೆ ದಿನಾ ನೀರು ಹೊಡೆದು ರೋಲರ್ ಎಳೀತಿದ್ದೋನು ನಾನು" ಎಂದರು ಫೋನಿನಲ್ಲಿ. "ಇಲ್ಲೂ ಅದೇ ಕೆಂಪು ಮಣ್ಣು ಕಣಮ್ಮ. ನೆಂಟರು ಇದ್ದಂಗೆ."

"ಭಾವ, ಇದು ಜೇಡಿ. ನೀರನ್ನ ಒಳಗೆ ಬಿಟ್ಕೊಳಲ್ಲ."

"ನೀನು ಗ್ರಾನೈಟ್ ಮಾರೋಳು. ಕಲ್ಲಿನ ವಿಷಯ ಬಂದಾಗ ಕೇಳ್ತೀನಿ."

ನಿಜ, ಅವರಿಂದ ಮೂರು-ನಾಲ್ಕು ಗಂಟೆ ದಾರಿಯ ಷಾರ್ಲೆಟ್‌ನಲ್ಲಿ ಅಡುಗೆಮನೆ ಕಟ್ಟೆಗಳಿಗೆ ಗ್ರಾನೈಟ್ ಹಾಕಿಸುವುದು ನನ್ನ ವ್ಯಾಪಾರ. ಗರಾಜಿನಲ್ಲಿ ಶುರುಮಾಡಿದೆ, ಈಗ ಸ್ವಂತ ಗೋದಾಮಿದೆ. ಕಲ್ಲು ಮಾರುವವಳಿಗೆ ಮಣ್ಣು ಗೊತ್ತಿರಬಾರದು ಎಂದು ಯಾರು ಹೇಳಿದರು?

ಭಾವ ಹಿತ್ತಲಿನ ಹುಲ್ಲನ್ನೆಲ್ಲ ಹೆರೆದು, ರೋಲರನ್ನು ಬಾಡಿಗೆಗೆ ತಂದು, ಸಂಜೆ ಸಂಜೆ ನೀರು ಹೊಡೆದು ಎಳೆದರು. ಎಳೆದಷ್ಟೂ ಮಣ್ಣು ಮಡಕೆಯಂತೆ ಗಟ್ಟಿಯಾಯಿತು. ಮಡಕೆಯಲ್ಲಿ ನೀರು ನಿಲ್ಲುತ್ತದೆ ಎನ್ನುವುದೊಂದನ್ನು ಟೆಸ್ಟ್ ಮಾಡಿರಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಪ್ಲಾಸ್ಟಿಕ್ ಹುಲ್ಲನ್ನು ಅದರ ಮೇಲೆ ಹಾಸಿ ಕೈ ಒರೆಸಿಕೊಂಡರು. ಆ ವಾರವೇ ಮಳೆ. ಹಿತ್ತಲು ಕೆರೆಯಾಯಿತು, ಹುಲ್ಲು ತೆಪ್ಪವಾಯಿತು, ತೆಪ್ಪದ ಮೇಲೆ ಎಲ್ಲಿಂದಲೋ ಬಂದ ಹೆಬ್ಬಾತುಗಳು ಸಂಸಾರ ಸಮೇತ ಕುಳಿತವು. ಪಕ್ಕದ ಮನೆಯವರು ಬೇಲಿಯಿಂದ ಇಣುಕಿ, ಕೊಳ ಬಹಳ ಚೆನ್ನಾಗಿ ಬಂದಿದೆ ಎಂದು ಅಭಿನಂದಿಸಿದರು. ಅಕ್ಕನ ಮಗಳು ತಂದೆಯ ಹೆಗಲ ಮೇಲೆ ಕೈಯಿಟ್ಟು, "ಡ್ಯಾಡ್, ದೇ ಲಿವ್ ಹಿಯರ್ ನೌ" ಎಂದಳಂತೆ.

"ಆಪರೇಷನ್ ಆದ್ಮೇಲೆ ಮೊದಲ್ನೇ ಸಲ ನಿಮ್ಮಕ್ಕ ಹೊಟ್ಟೆ ಹಿಡ್ಕೊಂಡು ನಕ್ಕಳು. ಮೂರು ಸಾವಿರ ವಸೂಲಾಯ್ತು ಬಿಡು" ಎಂದರು ಭಾವ. ನಗು ಒಳ್ಳೆಯದೇ. ಆದರೆ ಅಷ್ಟು ದುಬಾರಿ ನಗುವನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಆ ಶನಿವಾರವೇ ಕಾರು ಹತ್ತಿದೆ.

ಹಿತ್ತಲಿಗೆ ಕಾಲಿಟ್ಟೆ. ಕಾಲು ವಾಪಸ್ ಬಂತು, ಚಪ್ಪಲಿ ಬರಲಿಲ್ಲ. ಬರಿಗಾಲಲ್ಲೇ ಕಾಂಟ್ರಾಕ್ಟರನ್ನು ಕರೆಸಿ ಚೌಕಾಸಿಗೆ ನಿಂತೆ. ಚಳಿಗಾಲದಲ್ಲಿ ಅವನಿಗೆ ಕೆಲಸ ಕಡಿಮೆ ಎಂದು ನನಗೆ ಗೊತ್ತು. ನನಗೆ ಗೊತ್ತು ಎಂದು ಅವನಿಗೂ ಗೊತ್ತು. ಯಾವುದೋ ಶಾಲೆಯ ಮೈದಾನಕ್ಕೆ ಹಾಸಿ ಉಳಿದ ಹುಲ್ಲಿನ ಸುರುಳಿಗಳು ಅವನ ಲಾರಿಯಲ್ಲೇ ಕಂಡವು. ಜಲ್ಲಿಯನ್ನು ನನ್ನ ಪರಿಚಯದವರಿಂದ ನಾನೇ ಕಳಿಸುತ್ತೇನೆ ಎಂದೆ. ಎರಡು ಸಲ ಲಾರಿಯ ತನಕ ಹೋದ, ಎರಡು ಸಲವೂ ಬಾಗಿಲು ತೆಗೆಯದೆ ತಿರುಗಿ ಬಂದ. ಹದಿನೆಂಟಕ್ಕೆ ಕೈ ಕುಲುಕಿದೆವು.

ಜೇಡಿ ಅಗೆದು ತೆಗೆದರು. ಜಲ್ಲಿಯೊಂದಿಗೆ ಮಣ್ಣು ಬೆರೆಯದಂತೆ ದಪ್ಪ ಬಟ್ಟೆ ಹಾಸಿದರು. ಅಂಚಿನಲ್ಲಿ ನೀರು ಹೋಗಲು ತೂತಿನ ಪೈಪು, ಮೇಲೆ ಪದರ ಪದರವಾಗಿ ಜಲ್ಲಿ. ಭಾವ ಒಂದು ಸ್ಟೀಲ್ ಲೋಟದ ತುಂಬ ನೀರು ತಂದು ಜಲ್ಲಿಯ ಮೇಲಿಟ್ಟರು.

"ನೋಡು, ಒಂದು ಕಡೆ ಚೆಲ್ತಿದೆ. ಇಳಿಜಾರು ಮಾಡಿದಾರೆ ಕಳ್ಳರು."

"ಬೇಕಂತಲೇ ಮಾಡಿರೋದು ಭಾವ, ನೀರು ಹರಿಯೋಕೆ."

"ಹಂಗಾದ್ರೆ ಒಂದು ಟೀಮಿನೋರು ಬೆಟ್ಟ ಹತ್ತಬೇಕಾ?"

"ಹತ್ತಲಿ. ಅಕ್ಕನ್ನ ಮೇಲಿನ ಕಡೆ ನಿಲ್ಸಿ."

ಈ ನ್ಯಾಯ ಅವರಿಗೆ ಹಿಡಿಸಿತು.

ಜಲ್ಲಿ ದಮ್ಮಸ್ಸು ಮಾಡುವ ಯಂತ್ರ ಬಂದಾಗ ಭಾವ ಅದಕ್ಕೆ ಕುಂಕುಮವಿಟ್ಟು, ಹೂ ಮುಡಿಸಿ, ಕೆಳಗೊಂದು ನಿಂಬೆಹಣ್ಣು ಇಟ್ಟರು. ಕೆಲಸದವರು ಟೋಪಿ ತೆಗೆದು ನಿಂತರು. ಮರುದಿನ ಬೆಳಿಗ್ಗೆ ನಿಂಬೆಹಣ್ಣಿಲ್ಲದೆ ಯಂತ್ರ ಮುಟ್ಟಲು ಅವರೇ ಒಪ್ಪಲಿಲ್ಲ.

ಹುಲ್ಲಿನ ಸುರುಳಿ ಹಾಸಿ, ಅಂಟು ಹಾಕಿ, ಕೋರ್ಟು ಮುಗಿದು ಮೊದಲ ಜೋರು ಮಳೆ ಬಂದಾಗ ಭಾವ ಶವರಿನಲ್ಲಿ ಪಾಸಾದ ಛತ್ರಿ ಹಿಡಿದು ನಡುಮಧ್ಯೆ ನಿಂತಿದ್ದರಂತೆ. ಮಳೆ ನಿಂತಿತು, ನೀರು ಇಳಿದುಹೋಯಿತು. ಹೆಬ್ಬಾತುಗಳು ಬಂದು, ಸುತ್ತು ಹಾಕಿ, ಬೈದುಕೊಂಡು ಹೋದವು. "ಒಂದು ಹನಿನೂ ನಿಲ್ಲಲಿಲ್ಲ" ಎಂದರು ಫೋನಿನಲ್ಲಿ, ತಪ್ಪು ಸಿಗದವರ ಬೇಸರದಲ್ಲಿ.

ಮುಂದಿನ ಸಲ ಹೋದಾಗ ನೆಟ್ ಕಟ್ಟಿತ್ತು. ನೋಡಿದರೆ ನನ್ನ ಎದೆಮಟ್ಟಕ್ಕೂ ಬರುತ್ತಿಲ್ಲ.

"ಇದೇನು ಭಾವ, ಬಟ್ಟೆ ಒಣಗಿಸೋ ಹಗ್ಗನಾ? ಎಲ್ಲಾನೂ ಟೆಸ್ಟ್ ಮಾಡೋರು ನೆಟ್ ಎತ್ತರ ಅಳೀಲಿಲ್ವಾ?"

ಅವರು ಮನೆಯ ಕಡೆ ಒಮ್ಮೆ ನೋಡಿ, ನನ್ನನ್ನು ಕಂಬದ ಹಿಂದಕ್ಕೆ ಕರೆದರು. ಕಂಬದುದ್ದಕ್ಕೂ, ಸೊಂಟದ ಮಟ್ಟದಿಂದ ಆಟದ ಎತ್ತರದವರೆಗೆ, ಒತ್ತೊತ್ತಾಗಿ ತೂತುಗಳಿದ್ದವು. ಹೇಳಿ ಕೊರೆಸಿದ್ದರು.

"ಅವಳ ಕೈ ಎಷ್ಟು ಏಳುತ್ತೋ ಅದಕ್ಕಿಂತ ಒಂದು ತೂತು ಮೇಲೆ ಕಟ್ತೀನಿ. ಅವಳು ಅಡುಗೆಮನೇಲಿ ಇರೋವಾಗ. ಹೇಳ್ಬೇಡ."

ಅಡುಗೆಮನೆಗೆ ಹೋದೆ. ಕರಿಬೇವಿನ ಗಿಡ ಸ್ವಲ್ಪ ವಾಲಿಕೊಂಡಿತ್ತು. ರಬ್ಬರ್ ಪಟ್ಟಿ ಬಾಗಿಲ ಹಿಡಿಗೆ ಬಂದಿತ್ತು. ಅಕ್ಕ ಕಿಟಕಿಯಿಂದ ಹೊರಗೆ ನೋಡುತ್ತಾ ಒಗ್ಗರಣೆ ಹಾಕುತ್ತಿದ್ದಳು.

"ಏರಿಸ್ತಿದಾರೆ ಅಲ್ವಾ ನೆಟ್ಟನ್ನ?" ಎಂದಳು. "ಕ್ಯಾಪ್ಟನ್ ಆಗಿದ್ದೋಳಿಗೆ ನೆಟ್ ಎತ್ತರ ಗೊತ್ತಾಗಲ್ಲ ಅಂದ್ಕೊಂಡಿದಾರೆ ಪಾಪ. ನೀನೇನೂ ಹೇಳೋಕೆ ಹೋಗ್ಬೇಡ. ಮೇಲಿನ ತೂತಿಗೆ ಬರಲಿ, ಟೀಮಿನೋರಿಗೆಲ್ಲ ಫೋನ್ ಮಾಡ್ತೀನಿ."

ಹೇಳುತ್ತಲೇ ಮೇಲಿನ ಕಪಾಟಿನಿಂದ ಇಂಗಿನ ಡಬ್ಬಿ ತೆಗೆದಳು. ಬಲಗೈಯಲ್ಲಿ.

ಹಿತ್ತಲಿನಲ್ಲಿ ಕೋರ್ಟು ಹಾಕಿಸುವವರಿಗೆ ನನ್ನ ಸಲಹೆ ಇಷ್ಟೇ. ಕೆಂಪಗಿದೆ ಎಂದು ಮಣ್ಣನ್ನು ನಂಬಬೇಡಿ. ಹುಲ್ಲಿಗಿಂತ ಹುಲ್ಲಿನ ಕೆಳಗಿನದಕ್ಕೆ ದುಡ್ಡು ಹಾಕಿ. ಚಳಿಗಾಲದಲ್ಲಿ ಕೆಲಸ ಕೊಡಿ, ಉಳಿಕೆ ಸುರುಳಿ ಕೇಳಿ, ಕಾಂಟ್ರಾಕ್ಟರ್ ಲಾರಿಯ ತನಕ ಹೋದರೆ ಹೆದರಬೇಡಿ. ಜಲ್ಲಿಗೆ, ಅಂಟಿಗೆ, ಕೂಲಿಗೆ, ಎಲ್ಲದಕ್ಕೂ ಚೌಕಾಸಿ ಮಾಡಿ. ನೆಟ್ಟಿನ ಕಂಬವನ್ನು ಮಾತ್ರ ಒತ್ತೊತ್ತಾಗಿ ತೂತು ಇರುವುದನ್ನೇ ಕೊಳ್ಳಿ. ಅದಕ್ಕೆ ಅವರು ಎಷ್ಟು ಕೇಳುತ್ತಾರೋ ಅಷ್ಟು ಕೊಟ್ಟುಬಿಡಿ.