ಅತ್ತೆಗೆ ಹೆದರಿದ ಮಗ್ಗ

ಮಧ್ಯಾಹ್ನ ಮೂರು ನಲವತ್ತಕ್ಕೆ ನಮ್ಮ ಭಾವನ ಮಗ್ಗ ನನ್ನ ಹಣೆಯ ಮಾತು ಕೇಳತೊಡಗಿತು. ಕೆಟ್ಟದ್ದು ಶುರುವಾದದ್ದೂ ಆಗಲೇ.

ಊರವರ ಮಗ್ಗ ಓಡಲು ಕರೆಂಟ್ ಸಾಕು. ನಮ್ಮ ಭಾವನದಕ್ಕೆ, ಅಂದರೆ ಅಕ್ಕನ ಗಂಡನ ಮಗ್ಗಕ್ಕೆ, ಮಿದುಳೂ ಬೇಕು! ದೊಡ್ಡಬಳ್ಳಾಪುರದಲ್ಲಿ ಮಗ್ಗವಿರುವ ಮನೆಗಳಿಗೆ ಲೆಕ್ಕವಿಲ್ಲ. ಆದರೆ ಹಣೆಗೊಂದು ಪಟ್ಟಿ, ಮಣಿಕಟ್ಟಿಗೊಂದು ಪಟ್ಟಿ ಕಟ್ಟಿಕೊಂಡು, ಕಂಪ್ಯೂಟರಿನ ಮುಂದೆ ಮದುವಣಿಗನಂತೆ ಕೂತು ಸೀರೆ ನೇಯುವವರು ಇವರೊಬ್ಬರೇ. ಹಣೆಯದು ಮಿದುಳಿನ ಅಲೆ ಹಿಡಿಯುತ್ತದೆ, ಮಣಿಕಟ್ಟಿನದು ಎದೆಬಡಿತ. ಮನಸ್ಸು ಕೆಲಸದಲ್ಲಿದ್ದರೆ ಮಗ್ಗ ಜೋರು, ತೂಕಡಿಸಿದರೆ ನಿಧಾನ, ಎದೆ ಗಾಬರಿಯಿಂದ ಹೊಡೆದುಕೊಂಡರೆ ತಟ್ಟನೆ ಬಂದ್!

"ಯಂತ್ರಕ್ಕೆ ನಾವು ಹೊಂದ್ಕೊಂಡಿದ್ದು ಸಾಕು ಕಣಪ್ಪಾ, ಇನ್ಮೇಲೆ ಅದು ನಮಗೆ ಹೊಂದ್ಕೊಳ್ಳಲಿ" ಎನ್ನುತ್ತಿದ್ದರು ಭಾವ.

"ಹೆಂಡ್ತಿಗೂ ಒಂದ್ಸಲ ಹೊಂದ್ಕೊಂಡ್ ನೋಡ್ರಿ" ಎಂದು ಅಡುಗೆಮನೆಯಿಂದ ಅಕ್ಕ.

ಮಗ್ಗವೇನೋ ಚೆನ್ನಾಗಿಯೇ ಹೊಂದಿಕೊಂಡಿತು. ಅಕ್ಕ ಸಾರಿಗೆ ಒಗ್ಗರಣೆ ಹಾಕಿದ ಕೂಡಲೇ ಅದರ ಸದ್ದು ಇಳಿಯುತ್ತಿತ್ತು. ಭಾವನಿಗೆ ಹಸಿವಾದದ್ದು ಬೀದಿಗೆಲ್ಲ ಗೊತ್ತು!

ಮರ್ಯಾದೆ ಹೋದದ್ದು ನಾನು ಹೊಸಕೋಟೆಯಿಂದ ಅಮ್ಮನನ್ನು ಕರೆತಂದ ದಿನ. ಅವಳು ಹೊಸ್ತಿಲು ದಾಟಿದ್ದೇ ತಡ, ಮಗ್ಗ ಗಕ್ಕನೆ ನಿಂತಿತು. ಹಿತ್ತಿಲಿಗೆ ಹೋದಳು, ಓಡಿತು. ಒಳಗೆ ಬಂದಳು, ನಿಂತಿತು! ಅಕ್ಕಪಕ್ಕದವರು ಬಾಗಿಲಲ್ಲಿ ಬಾಯಿಗೆ ಸೆರಗು ಮುಚ್ಚಿಕೊಂಡು ನಿಂತರು.

"ಕರೆಂಟ್ ಹೋಯ್ತಾ ಅಳಿಯಂದ್ರೇ?"

"ಇಲ್ಲ ಅತ್ತೆ... ಅದಕ್ಕೆ ನಿಮ್ಮನ್ ಕಂಡ್ರೆ ತುಂಬಾ ಗೌರವ."

ಅಮ್ಮನಿಗೆ ಅರ್ಥವಾಯಿತು. ರಾತ್ರಿ ಊಟ ಬೇಡವೆಂದಳು. ನಾಚಿಕೆಯಿಂದ ನಮಗೂ ಅನ್ನ ಇಳಿಯಲಿಲ್ಲ. ಅತ್ತೆಯ ಮರ್ಯಾದೆ ಉಳಿಸಲು ಭಾವ ಅಂದೇ ಕಂಪ್ಯೂಟರಿನ ಮುಂದೆ ಕೂತು, ಮಗ್ಗ ಎದೆಬಡಿತದ ಮಾತು ಕೇಳದಂತೆ ಮಾಡಿಬಿಟ್ಟರು. ಬಡಿತ ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು, ಅಷ್ಟೇ. ಇನ್ನು ಹಣೆಯೊಂದೇ ಯಜಮಾನ.

ಮರುದಿನ ಮಧ್ಯಾಹ್ನ, "ಬಾರೋ, ಡಿಗ್ರಿ ಮಾಡಿರೋ ತಲೆ ಹೆಂಗ್ ನೇಯುತ್ತೆ ನೋಡೋಣ" ಎಂದು ಎರಡೂ ಪಟ್ಟಿ ನನಗೆ ಕಟ್ಟಿದರು. ಮಗ್ಗ ಓಡಿತು. ಭಾವ ಮೋಟರಿನ ಸದ್ದು ಆಲಿಸಲು ಬಗ್ಗಿದರು. ಕುತ್ತಿಗೆಗೆ ಸುತ್ತಿದ್ದ ಟವೆಲ್ಲಿನ ತುದಿ ತಿರುಗುವ ಬೆಲ್ಟಿಗೆ ಸಿಕ್ಕಿ ಬಿಗಿಯತೊಡಗಿತು.

ನಾನು ಹಲ್ಲು ಕಚ್ಚಿ ನಿಂತೆ. ಕಚ್ಚಿದ ಹಲ್ಲಿನಿಂದ ಹಣೆಯಲ್ಲೆದ್ದ ಅದುರನ್ನು ಕಂಪ್ಯೂಟರ್ ಏನೆಂದುಕೊಂಡಿತು ಗೊತ್ತೇ? ಮಹಾ ಏಕಾಗ್ರತೆ! ಮಗ್ಗ ಇನ್ನೂ ಜೋರಾಯಿತು. ಗೋಡೆಯ ಸ್ವಿಚ್ಚು ಕೈಗೆಟುಕುವಲ್ಲೇ ಇತ್ತು. ನಾನೋ, ನನ್ನ ಭಯ ಯಂತ್ರಕ್ಕೆ ತಿಳಿದೀತೆಂದು ಕಾಯುತ್ತಿದ್ದೆ! ಕಂಬದಂತೆ ನಿಂತವನನ್ನು ತಳ್ಳಿಕೊಂಡು ಬಂದು ಸ್ವಿಚ್ ಆರಿಸಿದವಳು ಅಮ್ಮ.

"ಈಗ್ಲೂ ನನ್ ಕಂಡೇ ನಿಂತಿದ್ದು, ಅಲ್ವೇ ಅಳಿಯಂದ್ರೇ?" ಎಂದವಳು, ಅವರ ಕುತ್ತಿಗೆಯ ಕೆಂಪು ಬರೆ ನೋಡಿ ಅಳತೊಡಗಿದಳು.

ಆಮೇಲೆ ಕಣ್ಣು ಮುಚ್ಚಿದರೆ ಸಾಕು, ಬೆಲ್ಟು ತಿರುಗುತ್ತಿತ್ತು, ಟವೆಲ್ ಬಿಗಿಯುತ್ತಿತ್ತು, ನಾನು ನಿಂತೇ ಇರುತ್ತಿದ್ದೆ. ಅಕ್ಕನಿಗೆ ಮುಖ ತೋರಿಸಲಾಗದೆ ದೊಡ್ಡಬಳ್ಳಾಪುರದ ಕಡೆಗೇ ಹೋಗಲಿಲ್ಲ. ಒಂದು ಭಾನುವಾರ ಭಾವನೇ ಹೊಸಕೋಟೆಗೆ ಬಂದರು, ಕಂಕುಳಲ್ಲಿ ಲ್ಯಾಪ್‌ಟಾಪ್. ಆ ಮಧ್ಯಾಹ್ನದ ಎದೆಬಡಿತದ ಗೆರೆ ತೋರಿಸಿದರು. ಅದು ಮಾಕಳಿದುರ್ಗದ ಬೆಟ್ಟದಂತೆ ಎದ್ದು ನಿಂತಿತ್ತು.

"ಇದ್ಯಾರ್ದು ಹೇಳು?"

"ನಂದು."

"ಅತ್ತೆ ಬಂದಾಗ ನಂದೂ ಇಷ್ಟು ಏರಿರಲಿಲ್ಲ ಕಣೋ! ಕಾಲು ನಿಂತಿದ್ರೇನು, ನಿನ್ನೆದೆ ನನ್ ಹತ್ರ ಓಡ್ಬಂದಿತ್ತು. ಅದರ ಮಾತು ಕೇಳ್ಬೇಡ ಅಂತ ಮಗ್ಗಕ್ಕೆ ಹೇಳ್ದೋನು ನಾನು."

ಅಂದು ಭಾವ ನಮ್ಮಲ್ಲೇ ಉಳಿದರು. ಪಕ್ಕದ ಚಾಪೆಯಲ್ಲಿ ಮಗ್ಗದಂತೆಯೇ ಗೊರಕೆ. ಈ ಸದ್ದು ನಿಲ್ಲದಿರಲಿ ಎಂದುಕೊಂಡದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಸೋಮವಾರದ ಬಿಸಿಲು ಕಾಲ ಮೇಲೆ ಬಿದ್ದಿತ್ತು.