ನಾನು ಉಳಿಸಿಕೊಟ್ಟ ನೇಯ್ಗೆ

ಮಗ್ಗದ ಪಕ್ಕದಲ್ಲೇ ಹುಟ್ಟಿ ಬೆಳೆದವನಿಗೆ ನೇಯ್ಗೆ ತಾನಾಗಿಯೇ ಬರುತ್ತದೆ ಎಂದು ನಾನು ಐವತ್ತೆರಡು ವರ್ಷ ನಂಬಿದ್ದೆ. ಪರೀಕ್ಷೆ ಮಾಡಿ ನೋಡುವ ಸಂದರ್ಭ ಬಂದಿರಲಿಲ್ಲ, ಅಷ್ಟೆ.

ನಮ್ಮಪ್ಪ ತಮಿಳುನಾಡಿನಲ್ಲಿ, ಭವಾನಿ ನದಿಯ ದಡದ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ನಾನು ಓದಿ ಕೊಯಮತ್ತೂರಿನಲ್ಲಿ ವಿಮಾ ಕಚೇರಿಯ ಗುಮಾಸ್ತನಾದೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅಮ್ಮನನ್ನು ನಮ್ಮ ಮನೆಗೆ ಕರೆತಂದೆ. ಊರಿನ ಮನೆಗೆ ಬಾಡಿಗೆಯವರು ಬಂದರು, ಅವರಿಗೆ ಸ್ಕೂಟರ್ ನಿಲ್ಲಿಸಲು ಜಾಗ ಬೇಕಿತ್ತು. ಮಗ್ಗ ಬಿಚ್ಚಿಸಿದೆ. ಅಪ್ಪ ಜೀವಮಾನವೆಲ್ಲ ಕಾಲು ಇಳಿಬಿಟ್ಟು ಕೂತಿದ್ದ ಗುಂಡಿಗೆ ಮಣ್ಣು ತುಂಬಿಸಿ ಸಿಮೆಂಟ್ ಬಳಿಸಿದೆ. ಕೆಲಸ ಬಹಳ ಅಚ್ಚುಕಟ್ಟಾಗಿದೆ ಎಂದು ಮೇಸ್ತ್ರಿಯನ್ನು ಹೊಗಳಿದವನೂ ನಾನೇ.

ಒಂದು ದಿನ ಅಮ್ಮ ಕೇಳಿದಳು. “ಸಾಮಿ, ಅಪ್ಪ ತರಿಯಾಗೆ ಕೂತು ನೇಯ್ತಿರೋ ವಿಡಿಯೋ ನಿನ್ ಫೋನಾಗೆ ಇದ್ಯಾ? ಒಂದ್ ತಡವೆ ನೋಡೋಣಾಂತ.” ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ ಮಗ್ಗಕ್ಕೆ ತರಿ ಎಂದೇ ಹೆಸರು.

ಹುಡುಕಿದೆ. ಕಚೇರಿಯ ಬೀಳ್ಕೊಡುಗೆಗಳಿದ್ದವು. ಊಟಿಯ ಹೂತೋಟವಿತ್ತು. ಪ್ಲಂಬರ್‌ಗೆ ಕಳಿಸಲೆಂದು ಮೂರು ಕೋನಗಳಿಂದ ತೆಗೆದ ಸೋರುವ ನಲ್ಲಿಯ ವಿಡಿಯೋ ಇತ್ತು. ನೇಯುವ ಅಪ್ಪ ಎಲ್ಲೂ ಇರಲಿಲ್ಲ.

“ಪರವಾಗಿಲ್ಲ ಬಿಡು” ಎಂದಳು ಅಮ್ಮ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ.

ಅಂಥ ಸಮಯದಲ್ಲಿ ಗಾಂಧಿಪುರಂ ಬಸ್ ನಿಲ್ದಾಣದ ಹತ್ತಿರ ಒಂದು ಪೋಸ್ಟರ್ ಕಂಡಿತು. ಎರಡು ದಿನದ ಪ್ರದರ್ಶನ ಕಲೆಯ ಶಿಬಿರ. ನಿಮ್ಮ ಮನೆಯಿಂದ ಮರೆಯಾಗುತ್ತಿರುವ ಒಂದು ಚಲನೆಯನ್ನು ತನ್ನಿ, ಎಲ್ಲರೂ ಸೇರಿ ಮಾಡಿ ಅದನ್ನು ಉಳಿಸೋಣ ಎಂದಿತ್ತು. ಅಪ್ಪನ ನೇಯ್ಗೆಯನ್ನು ಉಳಿಸಿ, ವಿಡಿಯೋ ತಂದು ಅಮ್ಮನಿಗೆ ತೋರಿಸಿಯೇ ಸಿದ್ಧ ಎಂದು ಅಲ್ಲೇ ನಿಂತು ತೀರ್ಮಾನಿಸಿದೆ.

ಹೆಂಡತಿ ಮಲ್ಲಿಕಾ ಎಚ್ಚರಿಸಿದಳು. “ಅತ್ತೇನ ಒಂದ್ ಮಾತು ಕೇಳ್ಕೊಂಡು ಹೋಗ್ರಿ. ದಿನಾ ಪಕ್ಕದಾಗೆ ಕೂತು ನೂಲು ಸುತ್ತಿ ಕೊಟ್ಟೋರು ಅವರು ತಾನೇ?”

“ಬೇಡ, ಅಮ್ಮನಿಗೆ ಇದು ಸರ್‌ಪ್ರೈಸು. ನೇಯ್ಗೆ ನನ್ ರಕ್ತದಾಗೇ ಇದೆ.”

“ರಕ್ತದಾಗೆ ಶುಗರ್ ಇದೆ. ಮಾತ್ರೆ ಎತ್ಕೊಂಡು ಹೋಗಿ.”

ಶಿಬಿರದಲ್ಲಿ ಮೂವತ್ತು ಜನ. ನಡೆಸುವವಳು ಯಾಮಿನಿ ಎಂಬ ಮೈಸೂರಿನ ಹುಡುಗಿ. “ಈ ಕಲೆ ನಡೆದ ಕ್ಷಣದಲ್ಲೇ ಮುಗಿದುಹೋಗುತ್ತೆ ಸರ್. ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿಸಿದರೆ ಮಾತ್ರ ಉಳಿಯೋದು” ಎಂದಳು. ನನ್ನ ಕಣ್ಣು ತುಂಬಿತು. ತೊಂಡಾಮುತ್ತೂರಿನ ಒಬ್ಬ ಹೆಂಗಸು ಮೊರದಲ್ಲಿ ಸಣ್ಣ ಈರುಳ್ಳಿಯ ಸಿಪ್ಪೆ ಕೇರುವುದನ್ನು ತೋರಿಸಿದಳು. ಎಲ್ಲರೂ ಕೇರಿದೆವು. ಆಮೇಲೆ ನನ್ನ ಸರದಿ.

ತಲೆತಲಾಂತರದಿಂದ ನೇಯುತ್ತ ಬಂದ ವಂಶದ ಪ್ರತಿನಿಧಿ ಎಂದು ನನ್ನನ್ನು ನಾನೇ ಪರಿಚಯಿಸಿಕೊಂಡೆ. ಗುಂಡಿ ಇಲ್ಲದ್ದರಿಂದ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆ. ಬಲಗೈಯಿಂದ ಹಗ್ಗ ಎಳೆದು ಲಾಳಿ ಓಡಿಸಬೇಕು, ಎಡಗೈಯಿಂದ ಹಲಗೆ ಬಡಿಯಬೇಕು, ಕಾಲುಗಳಿಂದ ತುಳಿಯಬೇಕು. ಇಷ್ಟು ಗೊತ್ತಿತ್ತು. ಯಾವುದು ಮೊದಲು ಎಂಬುದು ಗೊತ್ತಿಲ್ಲವೆಂದು ಆಗ ತಾನೇ ಗೊತ್ತಾಯಿತು. ಎಲ್ಲವನ್ನೂ ಒಟ್ಟಿಗೇ ಮಾಡಿದೆ. ಮೂವತ್ತು ಜನ ಭಕ್ತಿಯಿಂದ ಹಾಗೆಯೇ ಮಾಡಿದರು.

ಹತ್ತು ನಿಮಿಷದ ಮೇಲೆ ತಿರುಪ್ಪೂರಿನ ಬನಿಯನ್ ಕಂಪನಿಯ ಟೈಲರ್ ಸೆಲ್ವರಾಜ್ ಕೈ ಎತ್ತಿದರು. ಲಾಳಿ ಒಂದೇ ಕಡೆಗೆ ಹೋಗುತ್ತಿದೆಯಲ್ಲ, ವಾಪಸ್ ಬರುವುದು ಯಾವಾಗ ಎಂದು ತಮಿಳಿನಲ್ಲಿ ವಿನಯದಿಂದ ಕೇಳಿದರು.

ನಿಜ! ನಾನು ಒಂದೇ ದಿಕ್ಕಿಗೆ ಎಳೆಯುತ್ತಿದ್ದೆ. ಅಷ್ಟು ಹೊತ್ತಿಗೆ ನೂರಾರು ಲಾಳಿಗಳು ಬಲಗಡೆಯ ಗೋಡೆ ದಾಟಿ ಹೋಗಿದ್ದವು, ಒಂದೂ ಮರಳಿರಲಿಲ್ಲ. “ಅದು ಒಳಗಿನಿಂದ ಬರುತ್ತದೆ” ಎಂದುಬಿಟ್ಟೆ. ಸೆಲ್ವರಾಜ್ ತಲೆಯಾಡಿಸಿ ಮತ್ತೆ ಬಲಕ್ಕೆ ಎಳೆಯತೊಡಗಿದರು.

ನಡುವೆ ನಾಲ್ಕು ಎಳೆಗೊಮ್ಮೆ ನಾನು ಕತ್ತನ್ನು ಎಡಕ್ಕೆ ತಿರುಗಿಸಿ, ಒಂದು ಕ್ಷಣ ನೋಡಿ, ಮತ್ತೆ ಮುಂದೆ ತರುತ್ತಿದ್ದೆ. ಅಪ್ಪ ಹಾಗೆ ಮಾಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿತ್ತು. “ಇದೇನು ಸರ್? ಎಷ್ಟು ಚೆನ್ನಾಗಿದೆ” ಎಂದಳು ಯಾಮಿನಿ. ಗೊತ್ತಿಲ್ಲ ಎನ್ನಬಹುದಿತ್ತು. ವಂಶದ ಪ್ರತಿನಿಧಿಗೆ ಅದು ಶೋಭಿಸುತ್ತದೆಯೇ? “ಭವಾನಿ ನದಿಗೆ ವಂದನೆ, ಹಿಂದಿನವರ ಪದ್ಧತಿ” ಎಂದೆ. ಅವಳು ಎರಡು ಕ್ಯಾಮೆರಾ ತರಿಸಿದಳು.

ಶಿಬಿರ ಮುಗಿದ ಮರುದಿನ ಮನೆಯಲ್ಲಿ ಟಿವಿಗೆ ಅವರು ಕೊಟ್ಟ ವಿಡಿಯೋ ಜೋಡಿಸಿ ಅಮ್ಮನನ್ನು ಕೂರಿಸಿದೆ. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿದಳು. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕೈಯೂ ತಪ್ಪು, ಕಾಲೂ ತಪ್ಪು. ಹಿಂಗೆ ನೇಯ್ದಿದ್ರೆ ಸೀರೆ ಇರ್ಲಿ, ಕರ್ಚೀಫೂ ಬರ್ತಿರ್ಲಿಲ್ಲ ಸಾಮಿ.” ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಮಾನ ಹೋದರೂ ಚಿಂತೆಯಿಲ್ಲ ಎನ್ನಿಸಿತು.

ಆಗ ಪರದೆಯ ಮೇಲೆ ಮೂವತ್ತು ಜನ ಎಡಕ್ಕೆ ತಿರುಗಿದರು. ಅಮ್ಮನ ನಗು ನಿಂತಿತು.

“ಇದ್ಯಾಕೆ ಹಿಂಗೆ ತಿರುಗ್ತಾರೆ?”

“ಅಪ್ಪ ತಿರುಗ್ತಿದ್ರಲ್ಲಮ್ಮ, ನದಿ ಕಡೆ.”

“ನದಿ ಬಲಗಡೆ. ಎಡಗಡೆ ನೀನ್ ಕೂತಿರ್ತಿದ್ದೆ, ಬುಕ್ ಇಟ್ಕೊಂಡು. ಓದ್ತಾ ಇದ್ದೀಯಾ ಅಂತ ನೋಡೋರು. ನನ್ ಮಗ ಈ ಕುಳಿಗೆ ಇಳೀಬಾರ್ದು ಅನ್ನೋರು.” ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. “ನೀನ್ ಆಪೀಸು ವೇಲೆಗೆ ಸೇರಿ ಇಲ್ಲಿಗೆ ಬಂದ್ ಮೇಲೂ ಆ ಕಡೆ ತಿರುಗೋದು ಬಿಡ್ಲೇ ಇಲ್ಲ. ಏನಿದೆ ಅಲ್ಲಿ ಅಂದ್ರೆ, ಪಳಕ್ಕ, ರೂಢಿ ಆಗೋಯ್ತು ಅನ್ನೋರು.”

ನನಗೆ ಅಲ್ಲಿ ಕೂರಲಾಗಲಿಲ್ಲ. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಮಲ್ಲಿಕಾ ಹಿಂದೆಯೇ ಬಂದು ಟವೆಲ್ ಕೊಟ್ಟಳು.

ತಪ್ಪೊಪ್ಪಿಕೊಂಡು ತಿದ್ದಿಸೋಣವೆಂದು ಯಾಮಿನಿಗೆ ಫೋನ್ ಮಾಡಿದೆ. “ಅಯ್ಯೋ, ಆ ಕ್ಷಣದಲ್ಲಿ ಆದದ್ದೇ ಆದದ್ದು ಸರ್, ಇದರಲ್ಲಿ ತಿದ್ದುಪಡಿ ಇಲ್ಲ. ಆ ಭಾಗಕ್ಕೆ ನದಿವಂದನೆ ಅಂತ ಹೆಸರಿಟ್ಟಿದ್ದೀವಿ. ಮುಂದಿನ ಶಿಬಿರದಲ್ಲಿ ಇನ್ನೂ ಅರವತ್ತು ಜನಕ್ಕೆ ಹೇಳಿಕೊಡ್ತೀವಿ” ಎಂದಳು.

ಈಗ ಪ್ರತಿ ಭಾನುವಾರ ಮಧ್ಯಾಹ್ನ ಅಮ್ಮ ಟಿವಿಯ ಮುಂದೆ ಕೂರುತ್ತಾಳೆ. “ಅದೊಂದು ಮಟ್ಟುಂ ಹಾಕು ಸಾಮಿ” ಎನ್ನುತ್ತಾಳೆ. ನೇಯ್ಗೆಯ ಭಾಗ ಓಡಿಸಿ, ತಿರುಗುವುದನ್ನು ಮಾತ್ರ ಹಾಕುತ್ತೇನೆ.

ಅಮ್ಮನಿಗೆ ಕನ್ನಡ ಅಕ್ಷರ ಬಾರದು. ಆ ಧೈರ್ಯದಿಂದ ಇಲ್ಲಿ ಒಂದು ವಿಷಯ ಬರೆಯುತ್ತೇನೆ. ಅಪ್ಪನ ನೇಯ್ಗೆಯಲ್ಲಿ ನಾನು ಗಮನವಿಟ್ಟು ನೋಡಿದ್ದು ಆ ತಿರುಗುವುದೊಂದನ್ನೇ. ಯಾಕೆಂದರೆ ಪಾಠಪುಸ್ತಕದೊಳಗೆ ಸಿನಿಮಾ ಪತ್ರಿಕೆ ಇರುತ್ತಿತ್ತು. ನಾಲ್ಕು ಎಳೆ ಎಣಿಸಿ, ಅವರು ತಿರುಗುವುದರೊಳಗೆ ಅದನ್ನು ಮುಚ್ಚಬೇಕಿತ್ತು. ಅದು ಮಗ್ಗದ ಕೆಲಸದ ಒಂದು ಭಾಗ ಎಂದುಕೊಂಡಿದ್ದೆ, ನನಗಾಗಿ ಎಂದು ಒಮ್ಮೆಯೂ ಹೊಳೆಯಲಿಲ್ಲ.

ಟಿವಿಯಲ್ಲಿ ಮೂವತ್ತು ಜನ ಒಟ್ಟಿಗೆ ಎಡಕ್ಕೆ, ಅಂದರೆ ನನ್ನ ಕಡೆ, ತಿರುಗಿದಾಗಲೆಲ್ಲ ಇಂದಿಗೂ ನನ್ನ ಕೈ ಗಡಿಬಿಡಿಯಿಂದ ಏನನ್ನೋ ಬಚ್ಚಿಡಲು ಹೋಗುತ್ತದೆ. ಕೈಗೆ ಸಿಗುವುದು ರಿಮೋಟು.